ಕಾಂಡ್ಲಾ ಕಾಡು ಯಾವ ದಂಡೆಯನ್ನು ಕಾಯುತ್ತದೆ?

ದೇಶದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಶೇ. 42ರಷ್ಟು ಇರುವುದು ಪಶ್ಚಿಮ ಬಂಗಾಳವೊಂದರಲ್ಲೇ. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯಂತೆ ಒಟ್ಟು 4,992 ಚದರ ಕಿಲೋಮೀಟರಿನಲ್ಲಿ 2,114 ಅಲ್ಲಿನದು. ಚೆನ್ನೈನಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ದೇಶದ ಕಡಲತೀರ ಎಲ್ಲೆಲ್ಲಿ ಕರಗಿದೆ ಎಂದು ಅಳೆಯಿತು. ಮೂರರಲ್ಲಿ ಒಂದು ಪಾಲು ತೀರ ಕೊರೆತಕ್ಕೆ ಸಿಕ್ಕಿರುವುದು ಗೊತ್ತಾಯಿತು. ರಾಜ್ಯವಾರು ನೋಡಿದರೆ ಪಟ್ಟಿಯ ತಲೆಯಲ್ಲಿರುವುದು ಅದೇ ಪಶ್ಚಿಮ ಬಂಗಾಳ. ಅಲ್ಲಿ ಕೊರೆತ ಶೇ. 60ರಷ್ಟು.

ಕಾಡು ಹೆಚ್ಚಿರುವಲ್ಲೇ ಕೊರೆತವೂ ಹೆಚ್ಚು. ಹಾಗಾದರೆ ಕಾಂಡ್ಲಾ ಗಿಡಗಳು ಕಡಲ್ಕೊರೆತ ತಡೆಯುತ್ತವೆ ಎಂದು ಶಾಲೆಯ ಪಾಠದಿಂದ ಹಿಡಿದು ಪರಿಸರ ದಿನದ ಭಾಷಣದವರೆಗೆ ನಾವು ಹೇಳಿಕೊಂಡು ಬಂದದ್ದು ಸುಳ್ಳೇ? ಸುಳ್ಳಲ್ಲ, ಅರ್ಧ ಮಾತು. ನೀರು ಹೊತ್ತು ತಂದ ಕೆಸರನ್ನು ಹಿಡಿದಿಟ್ಟುಕೊಂಡು ದಂಡೆಯನ್ನು ದಿನದಿನವೂ ಕಟ್ಟುತ್ತಾ ಹೋಗುವುದು ಈ ಕಾಡಿನ ಕೆಲಸ. ಕೆಸರು ಬರುವುದು ನಿಂತರೆ, ಉಬ್ಬರದ ದಾರಿ ಮುಚ್ಚಿದರೆ, ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಎಂಥ ದಟ್ಟ ಕಾಡೂ ಸೋಲುತ್ತದೆ. ಈ ಉಳಿದರ್ಧ ಮಾತನ್ನು ಮರೆತು ಸಸಿ ನೆಡಲು ಹೊರಟರೆ ದುಡ್ಡೂ ಹೋಗುತ್ತದೆ, ದಂಡೆಯೂ ಹೋಗುತ್ತದೆ.

ಇಳಿತದ ಹೊತ್ತಿನಲ್ಲಿ ಯಾವುದಾದರೂ ಅಳಿವೆಯ ಅಂಚಿಗೆ ಹೋಗಿ ನೋಡಿ. ಮುಂಚೂಣಿಯ ಕಾಂಡ್ಲಾ ಮರಗಳು ಕಾಂಡದಿಂದಲೂ ಕೊಂಬೆಗಳಿಂದಲೂ ಬೇರುಗಳನ್ನು ಕಮಾನಾಗಿ ಕೆಸರಿಗೆ ಇಳಿಬಿಟ್ಟು ನಿಂತಿರುತ್ತವೆ. ಪಕ್ಕದಲ್ಲಿ ಇನ್ನೊಂದು ಜಾತಿಯ ಮರ. ಅದರ ಸುತ್ತ ನೆಲದೊಳಗಿಂದ ಪೆನ್ಸಿಲ್ ಗಾತ್ರದ ಉಸಿರುಬೇರುಗಳು ನೂರಾರು ಸಂಖ್ಯೆಯಲ್ಲಿ ನೆಟ್ಟಗೆ ಎದ್ದಿರುತ್ತವೆ. ಕೆಸರಿನಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಅವು ಮೇಲೆ ಬಂದು ಉಸಿರಾಡುತ್ತವೆ. ಉಬ್ಬರದ ನೀರು ಕದಡಿದ ಬಣ್ಣದಲ್ಲಿ ಒಳಗೆ ಬರುತ್ತದೆ. ಈ ಬೇರುಗಳ ಸಂದಿಯಲ್ಲಿ ನುಸುಳುವಾಗ ಅದರ ಓಟ ಕುಗ್ಗುತ್ತದೆ. ಸಿಹಿನೀರಿನಲ್ಲಿ ತೇಲಾಡುವ ಜೇಡಿಯ ಸಣ್ಣ ಕಣಗಳು ಉಪ್ಪುನೀರು ಸೇರಿದಾಗ ಒಂದಕ್ಕೊಂದು ಅಂಟಿಕೊಂಡು ಭಾರವಾಗುತ್ತವೆ. ಹೀಗೆ ನಿಧಾನವಾದ ನೀರು, ಭಾರವಾದ ಕಣ ಎರಡೂ ಕೂಡಿ ಹೂಳು ತಳಕ್ಕಿಳಿಯುತ್ತದೆ. ಇಳಿತದಲ್ಲಿ ಹೊರಹೋಗುವ ನೀರಿಗೆ ಅದನ್ನು ಮತ್ತೆ ಎಬ್ಬಿಸುವಷ್ಟು ಬಿರುಸು ಇರುವುದಿಲ್ಲ. ನಿನ್ನೆ ಉದುರಿದ ಎಲೆಯ ಮೇಲೆ ಇಂದು ನುಣುಪಾದ ತೆಳು ಪದರ ಕೂತಿರುವುದನ್ನು ಬೆರಳಿನಿಂದ ಒರೆಸಿ ನೋಡಬಹುದು. ವರ್ಷಕ್ಕೆ ಕೆಲವೇ ಮಿಲಿಮೀಟರ್. ಆದರೆ ದಿನಕ್ಕೆ ಎರಡು ಉಬ್ಬರದ ಲೆಕ್ಕದಲ್ಲಿ ಈ ಕೆಲಸಕ್ಕೆ ರಜೆಯೇ ಇಲ್ಲ.

ಹೂಳಿನಷ್ಟೇ ಮುಖ್ಯವಾದದ್ದು ನೆಲದೊಳಗಿನ ಬೇರು. ಗಾಳಿಯಿಲ್ಲದ ಕೆಸರಿನಲ್ಲಿ ಸತ್ತ ಬೇರು ಬೇಗ ಕೊಳೆಯುವುದಿಲ್ಲ. ಹಳೆಯ ಬೇರಿನ ಮೇಲೆ ಹೊಸ ಬೇರು ಹೆಣೆದುಕೊಂಡು ನೆಲವೇ ಮೇಲಕ್ಕೆ ಉಬ್ಬುತ್ತದೆ. ಮಧ್ಯ ಅಮೆರಿಕದ ಬೆಲೀಜ್ ದೇಶದ ಟ್ವಿನ್ ಕೇಸ್ ದ್ವೀಪಗಳಿಗೆ ಹೂಳು ತರುವ ನದಿಯೇ ಇಲ್ಲ. ಆದರೂ ಅಲ್ಲಿನ ಮ್ಯಾಂಗ್ರೋವ್ ಬುಡದಲ್ಲಿ ಸುಮಾರು 10 ಮೀಟರ್ ದಪ್ಪದ ಬೇರಿನ ಹಾಸು ಸಿಕ್ಕಿದೆ. ಸಾವಿರಾರು ವರ್ಷಗಳಿಂದ ಕಡಲು ಏರಿದಂತೆಲ್ಲ ಕಾಡು ತನ್ನ ಕಾಲಡಿಯ ನೆಲವನ್ನು ತಾನೇ ಎತ್ತರಿಸಿಕೊಂಡು ಬಂದ ದಾಖಲೆ ಅದು. ಇದಕ್ಕೆ ವಿರುದ್ಧವಾದ ಉದಾಹರಣೆ ಹೊಂಡುರಾಸ್‌ನದು. 1998ರ ಮಿಚ್ ಚಂಡಮಾರುತ ಅಲ್ಲಿನ ಗ್ವನಾಹಾ ದ್ವೀಪದ ಮ್ಯಾಂಗ್ರೋವ್ ಮರಗಳನ್ನು ಸಾಯಿಸಿತು. ಹೊಸ ಬೇರು ಬರುವುದು ನಿಂತಿತು, ಹಳೆಯದು ಕುಸಿಯಿತು, ನೆಲ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ತಗ್ಗಿತು. ಕಾಡು ಕಡಿದ ಮೇಲೂ ನೆಲ ಮೊದಲಿದ್ದ ಎತ್ತರದಲ್ಲೇ ಇರುತ್ತದೆ ಎಂದು ನಂಬಿ ಅಲ್ಲಿ ಸಿಗಡಿ ಕೆರೆ ತೋಡುವವರು, ಬಡಾವಣೆಗೆ ನಕ್ಷೆ ಬರೆಯುವವರು ಈ ದ್ವೀಪದ ಸಂಗತಿ ತಿಳಿದುಕೊಳ್ಳಬೇಕು.

ಅಲೆಯ ವಿಷಯಕ್ಕೆ ಬಂದರೆ, ಇದುವರೆಗಿನ ಅಳತೆಗಳನ್ನು ಒಟ್ಟು ಮಾಡಿದವರು ಹೇಳುವಂತೆ 100 ಮೀಟರ್ ಅಗಲದ ಕಾಡು ಅಲೆಯ ಎತ್ತರವನ್ನು ಶೇ. 13ರಿಂದ 66ರವರೆಗೆ ತಗ್ಗಿಸುತ್ತದೆ. ಬೇರು ಎಷ್ಟು ದಟ್ಟ, ನೀರು ಎಷ್ಟು ಆಳ ಎಂಬುದರ ಮೇಲೆ ಇದು ನಿಂತಿದೆ. ಜಪಾನಿನ ವಿಜ್ಞಾನಿ ಯೋಶಿಹಿರೊ ಮಾಜ್ದಾ ಮತ್ತು ಸಂಗಡಿಗರು ಉತ್ತರ ವಿಯೆಟ್ನಾಮಿನ ತೀರದಲ್ಲಿ ಅಳತೆ ಮಾಡಿ 1997ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಸ್ಪಷ್ಟ. ನೆಟ್ಟು ಆರು ವರ್ಷವಾದ, ಒಂದೂವರೆ ಕಿಲೋಮೀಟರ್ ಅಗಲದ ಕಾಡನ್ನು ದಾಟುವಷ್ಟರಲ್ಲಿ ಒಂದು ಮೀಟರ್ ಅಲೆ ಐದು ಸೆಂಟಿಮೀಟರಿಗೆ ಇಳಿಯುತ್ತದೆ. ಕಾಡಿಲ್ಲದಿದ್ದರೆ ಅಷ್ಟೇ ದೂರದಲ್ಲಿ ಅದು 75 ಸೆಂಟಿಮೀಟರ್ ಉಳಿದಿರುತ್ತಿತ್ತು. ಅಷ್ಟು ಅಲೆ ನಿತ್ಯ ಬಡಿಯುವ ಮಣ್ಣಿನ ಒಡ್ಡಿಗೂ, ಬಡಿಯದ ಒಡ್ಡಿಗೂ ಆಯುಷ್ಯ ಬೇರೆಯೇ.

ಚಂಡಮಾರುತ ತರುವ ನೀರಿನ ಉಬ್ಬರದ ಮುಂದೆ ಹೆಚ್ಚು ಅಗಲವಾದ ಕಾಡು ಬೇಕು. ಅದು ಅಲೆಯಲ್ಲ, ಕಡಲಿಗೆ ಕಡಲೇ ಮೀಟರುಗಟ್ಟಲೆ ಏರಿ ಒಳನುಗ್ಗುವುದು. ಒಂದು ಕಿಲೋಮೀಟರ್ ಕಾಡು ಅದನ್ನು 5ರಿಂದ 50 ಸೆಂಟಿಮೀಟರ್ ತಗ್ಗಿಸೀತು. ನಾಲ್ಕು ಸಾಲು ಗಿಡ ನೆಟ್ಟು ಚಂಡಮಾರುತಕ್ಕೆ ತಡೆ ಕಟ್ಟಿದೆವು ಎನ್ನುವಂತಿಲ್ಲ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಬಡಿದ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಅರ್ಥಶಾಸ್ತ್ರಜ್ಞೆ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಕೇಂದ್ರಪಾಡಾ ಜಿಲ್ಲೆಯ ನಾನೂರಕ್ಕೂ ಹೆಚ್ಚು ಹಳ್ಳಿಗಳ ಸಾವಿನ ಲೆಕ್ಕವನ್ನು ತಾಳೆ ನೋಡಿ 2009ರಲ್ಲಿ ಪ್ರಕಟಿಸಿದರು. ಹಳ್ಳಿಗೂ ಕಡಲಿಗೂ ನಡುವೆ ಕಾಡಿನ ಅಗಲ ಹೆಚ್ಚಿದ್ದ ಕಡೆ ಸಾವು ಕಡಿಮೆ ಇತ್ತು. ಇದರ ಜೊತೆಗೆ ಅವರು ಇನ್ನೊಂದು ಮಾತನ್ನೂ ಮುಚ್ಚಿಡದೆ ಬರೆದರು: ಕಾಡು ಉಳಿಸಿದ ಜೀವಗಳಿಗಿಂತ ಸರ್ಕಾರ ಮೊದಲೇ ಕೊಟ್ಟ ಎಚ್ಚರಿಕೆ ಉಳಿಸಿದ ಜೀವಗಳು ಹೆಚ್ಚು. ನನಗೆ ಈ ಅಧ್ಯಯನದ ಮೇಲೆ ಗೌರವ ಹುಟ್ಟಿದ್ದೇ ಈ ಸಾಲಿನಿಂದ. ಕಾಡಿನ ಪರವಾಗಿ ಮಾತನಾಡುವವರು ಕಾಡಿಗೆ ಇಲ್ಲದ ಶಕ್ತಿಯನ್ನು ಹೇರಿದರೆ ಮುಂದಿನ ಅನಾಹುತದಲ್ಲಿ ಕಾಡಿಗೇ ಕೆಟ್ಟ ಹೆಸರು ಬರುತ್ತದೆ. 2004ರ ಸುನಾಮಿಯ ನಂತರ ಆದದ್ದೂ ಹೀಗೆಯೇ. ತಮಿಳುನಾಡಿನ ಪಿಚ್ಚಾವರಂ ಬಳಿಯ ಹಳ್ಳಿಗಳನ್ನು ಕಾಂಡ್ಲಾ ಕಾಡು ಕಾಪಾಡಿತು ಎಂದು ಒಂದು ಗುಂಪು, ಕಡಲಿನಿಂದ ದೂರವೂ ನೆಲದ ಎತ್ತರವೂ ಕಾಪಾಡಿದವು ಎಂದು ಇನ್ನೊಂದು ಗುಂಪು ವರ್ಷಗಟ್ಟಲೆ ವಾದ ಮಾಡಿದವು.

ಮೊದಲು ಹೇಳಿದ ಬಂಗಾಳದ ಕಾಡಿಗೆ, ಅಂದರೆ ಸುಂದರಬನಕ್ಕೆ ಮರಳೋಣ. ಕಾಡು ಮತ್ತು ಕೆಸರಿನ ಸಂಬಂಧ ಅಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣದು.

ಗಂಗಾ-ಬ್ರಹ್ಮಪುತ್ರಾ ನದಿಗಳು ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ಹೊತ್ತು ತರುತ್ತವೆ ಎಂಬುದು ಬಹುಕಾಲದ ಅಂದಾಜು. ಆ ಹೂಳಿನ ಮೇಲೆಯೇ ಬಂಗಾಳದ ನೆಲ ಎದ್ದು ನಿಂತಿದೆ. ಜಮೀನ್ದಾರರ ಕಾಲದಲ್ಲಿ ಅಲ್ಲಿನ ರೈತರು ಉಪ್ಪುನೀರು ತಡೆಯಲು ಮಣ್ಣಿನ ಒಡ್ಡು ಹಾಕುತ್ತಿದ್ದರು. ಅವಕ್ಕೆ ಎಂಟು ತಿಂಗಳ ಒಡ್ಡು ಎಂದೇ ಹೆಸರು. ಬೆಳೆಯ ಕಾಲ ಮುಗಿದ ಮೇಲೆ ಉಬ್ಬರದ ನೀರು ಗದ್ದೆಗೆ ಬರುತ್ತಿತ್ತು, ಹೂಳು ಬಿಟ್ಟು ಹೋಗುತ್ತಿತ್ತು. 1960ರ ದಶಕದಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಲ್ಲಿ, ಹಾಲೆಂಡಿನ ಮಾದರಿಯಲ್ಲಿ ದ್ವೀಪಗಳ ಸುತ್ತ ಶಾಶ್ವತ ಒಡ್ಡುಗಳು ಬಂದವು. ಹೀಗೆ ಸುತ್ತುಗಟ್ಟಿದ ನೆಲವೇ ಪೋಲ್ಡರ್. ಬೆಳೆ ಹೆಚ್ಚಿತು, ಜನ ನೆಲೆಯೂರಿದರು. ಯಾರೂ ಅದನ್ನು ತಪ್ಪು ಎನ್ನುವ ಸ್ಥಿತಿ ಇರಲಿಲ್ಲ.

ಇಂದಿನ ಬಾಂಗ್ಲಾದೇಶದ ಖುಲ್ನಾ ಜಿಲ್ಲೆಯ 32ನೇ ಪೋಲ್ಡರ್ ಇರುವುದು ಸುಂದರಬನದ ಎದುರಿಗೇ. ನಡುವೆ ಒಂದು ನದಿ, ಅಷ್ಟೇ. ಐವತ್ತು ವರ್ಷಗಳ ನಂತರ ವಿಜ್ಞಾನಿಗಳು ಎರಡೂ ಕಡೆಯ ನೆಲದ ಎತ್ತರ ಅಳೆದರು. ಕಾಡಿನ ನೆಲ ಉಬ್ಬರದ ಜೊತೆ ಹೆಜ್ಜೆ ಹಾಕುತ್ತಾ ಹೆಚ್ಚುಕಡಿಮೆ ತನ್ನ ಮಟ್ಟದಲ್ಲೇ ಇತ್ತು. ಒಡ್ಡಿನೊಳಗಿನ ನೆಲ ಅದಕ್ಕಿಂತ ಒಂದರಿಂದ ಒಂದೂವರೆ ಮೀಟರ್ ಕೆಳಗಿತ್ತು. ಒಡ್ಡಿನಿಂದಾಗಿ ಹೂಳು ಒಳಗೆ ಬರಲಿಲ್ಲ, ಕಾಡು ಕಡಿದದ್ದರಿಂದ ಬೇರಿನ ಪದರ ಕುಸಿಯಿತು, ನೀರು ಬಸಿದ ಮಣ್ಣು ಒತ್ತಿ ಗಟ್ಟಿಯಾಯಿತು. ನೀರು ಹರಡಲು ಇದ್ದ ಜಾಗವೆಲ್ಲ ಒಡ್ಡಿನೊಳಗೆ ಸೇರಿಹೋದದ್ದರಿಂದ ನದಿಯಲ್ಲಿ ಉಬ್ಬರ ಮೊದಲಿಗಿಂತ ಎತ್ತರಕ್ಕೆ ಏರತೊಡಗಿತು. ಒಂದೂವರೆ ಮೀಟರ್ ಎಂದರೆ ಹತ್ತು ಹನ್ನೆರಡು ವರ್ಷದ ಹುಡುಗನ ಎತ್ತರ. ಕಡಲು ಏರಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ನೆಲವೇ ಇಳಿದಿತ್ತು.

2009ರ ಮೇ 25ರಂದು ಐಲಾ ಚಂಡಮಾರುತ ಬಂದಾಗ ಆ ಒಡ್ಡು ಹಲವು ಕಡೆ ಒಡೆಯಿತು. ತಗ್ಗಿದ ನೆಲಕ್ಕೆ ನುಗ್ಗಿದ ಉಪ್ಪುನೀರು ಹೊರಹೋಗಲು ದಾರಿಯಿರಲಿಲ್ಲ. ಸುಮಾರು ಎರಡು ವರ್ಷ ಅಲ್ಲಿನ ಜನ ಒಡ್ಡಿನ ಮೇಲೇ ಗುಡಿಸಲು ಹಾಕಿಕೊಂಡು, ದಿನಕ್ಕೆರಡು ಬಾರಿ ತಮ್ಮ ಗದ್ದೆಗಳ ಮೇಲೆ ಕಡಲು ಬಂದು ಹೋಗುವುದನ್ನು ನೋಡುತ್ತಾ ಬದುಕಿದರು. ಆ ಕಷ್ಟವನ್ನು ಯಾವ ಲೆಕ್ಕದಿಂದಲೂ ಸಣ್ಣದು ಮಾಡಲಾಗದು. ಆದರೆ ನೀರು ಬಂದು ಹೋದ ಕಡೆಗಳಲ್ಲಿ ಆ ಎರಡೇ ವರ್ಷದಲ್ಲಿ ಹತ್ತಾರು ಸೆಂಟಿಮೀಟರ್ ಹೂಳು ಕೂತಿತು. ದಶಕಗಳ ಬಾಕಿಯನ್ನು ನದಿ ಒಮ್ಮೆಗೇ ತೀರಿಸಿದ ಹಾಗೆ.

ಇದನ್ನು ಅಲ್ಲಿನ ಕೆಲವು ರೈತರು ವಿಜ್ಞಾನಿಗಳಿಗಿಂತ ಮೊದಲೇ ಕಂಡುಕೊಂಡಿದ್ದರು. ಜೆಸ್ಸೋರ್-ಖುಲ್ನಾ ಸೀಮೆಯ ಬಿಲ್ ಭಾಯ್ನಾ ಎಂಬ ತಗ್ಗುಪ್ರದೇಶದಲ್ಲಿ ನಿಂತ ನೀರು ಹೊರಹೋಗದೆ ಬೇಸತ್ತ ಜನ 1997ರಲ್ಲಿ ಒಡ್ಡನ್ನು ತಾವೇ ಕಡಿದರು. ಉಬ್ಬರ ಒಳಗೆ ಬಂತು, ಹೂಳು ಬಿಟ್ಟಿತು. ಇಳಿತದ ಸೆಳೆತಕ್ಕೆ ಹೊರಗಿನ ನದಿಯ ತಳವೂ ಆಳವಾಯಿತು. ಮುಂದೆ ಸರ್ಕಾರವೇ ಅದಕ್ಕೊಂದು ತಾಂತ್ರಿಕ ಹೆಸರಿಟ್ಟು ಬೇರೆ ತಗ್ಗುಗಳಲ್ಲಿ ಆ ಕ್ರಮವನ್ನು ಅನುಸರಿಸಿತು. ನೀರು ಬಿಟ್ಟ ವರ್ಷಗಳಲ್ಲಿ ಬೆಳೆ ಕಳೆದುಕೊಂಡವರಿಗೆ ಪರಿಹಾರ ಸರಿಯಾಗಿ ಸಿಗದೆ ಜಗಳಗಳೂ ಆದವು. ಮಣ್ಣಿನ ಲೆಕ್ಕ ಸರಿಯಾದರೆ ಸಾಲದು, ಹೊಟ್ಟೆಯ ಲೆಕ್ಕವೂ ಸರಿಯಾಗಬೇಕು.

ಈಗ ಮೊದಲಿನ ಒಗಟು ಬಿಡಿಸಬಹುದು. ಭಾರತದ ಕಡೆಯ ಸುಂದರಬನಕ್ಕೆ ಹೂಳಿನ ಕೊರತೆಯಿದೆ. ಗಂಗೆಯ ಮುಖ್ಯ ಹರಿವು ಶತಮಾನಗಳಿಂದ ಪೂರ್ವಕ್ಕೆ ಸರಿಯುತ್ತಾ ಬಾಂಗ್ಲಾದೇಶದ ಕಡೆ ಹೋಗಿದೆ. ಮಾತ್ಲಾ, ಬಿದ್ಯಾಧರಿಯಂಥ ನದಿಗಳಿಗೆ ಮೇಲಿನ ಸಿಹಿನೀರಿನ ಸಂಪರ್ಕ ಕಡಿದು ಅವು ಬರೀ ಉಬ್ಬರವಿಳಿತದ ಕಾಲುವೆಗಳಾಗಿವೆ. ಹುಗ್ಲಿ ನದಿಮುಖದ ಲೋಹಾಚಾರಾ ದ್ವೀಪ ಮುಳುಗಿತು, ಘೋಡಾಮಾರಾ 1970ರ ದಶಕದಿಂದ ಈಚೆಗೆ ಸುಮಾರು ಅರ್ಧದಷ್ಟು ಕರಗಿದೆ. ಜನರೇ ಇಲ್ಲದ, ಪೂರ್ತಿ ಕಾಡಿನ ಭಾಂಗಾದುನಿ ದ್ವೀಪವೂ ಕಡಲಿನ ಕಡೆಯಿಂದ ಸವೆಯುತ್ತಿದೆ. ಅಲ್ಲಿ ಆಗುವುದು ಹೀಗೆ: ಬೇರುಗಳು ಹಿಡಿದಿರುವುದು ದಂಡೆಯ ಮೇಲಿನ ಒಂದೆರಡು ಮೀಟರನ್ನು ಮಾತ್ರ. ಅಲೆ ಮತ್ತು ಸೆಳವು ಅದರ ಕೆಳಗಿನ ಬರಿ ಮಣ್ಣನ್ನು ಕೊರೆಯುತ್ತವೆ. ಬುಡ ಟೊಳ್ಳಾದ ಮೇಲೆ ಬೇರು, ಮಣ್ಣು, ಮರ ಎಲ್ಲ ಒಂದೇ ಇಡಿಯಾಗಿ ನೀರಿಗೆ ಕವುಚಿಕೊಳ್ಳುತ್ತದೆ. ಕೊರೆದು ಹೋದಷ್ಟನ್ನು ಹೊಸ ಹೂಳು ತುಂಬಿಕೊಟ್ಟರೆ ಕಾಡು ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಿಂದೆ ಸರಿಯುತ್ತದೆ. ಕಾಡೇ ಇಲ್ಲದಿದ್ದರೆ ಕೊರೆತ ಇನ್ನೂ ಬೇಗ ಆಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಕಾಡಿನ ಈ ಸಾಮರ್ಥ್ಯಕ್ಕೆ ಮೇಲ್ಮಿತಿಯೂ ಇದೆ. ಕಳೆದ ಹತ್ತು ಸಾವಿರ ವರ್ಷಗಳ ಕೆಸರಿನ ಪದರಗಳನ್ನು ಓದಿ ನೀಲ್ ಸೇಂಟಿಲನ್ ಮತ್ತು ಸಂಗಡಿಗರು 2020ರಲ್ಲಿ ಕೊಟ್ಟ ಎಚ್ಚರಿಕೆಯಂತೆ, ಕಡಲು ವರ್ಷಕ್ಕೆ ಸುಮಾರು 6 ಮಿಲಿಮೀಟರಿಗಿಂತ ಬೇಗ ಏರಿದರೆ ಮ್ಯಾಂಗ್ರೋವ್‌ಗಳು ಅದರ ಜೊತೆ ಏರಲಾರವು. ಈಗ ಜಗತ್ತಿನ ಸರಾಸರಿ ಏರಿಕೆ 4 ಮಿಲಿಮೀಟರಿನ ಆಸುಪಾಸಿನಲ್ಲಿದೆ. ಹಾಗಾಗಿ ಹಿಂದೆ ಸರಿಯುವ ಜಾಗದ ಪ್ರಶ್ನೆ ದೊಡ್ಡದಾಗುತ್ತದೆ. ಹಿಂದೆ ರಸ್ತೆ, ಕಲ್ಲಿನ ಗೋಡೆ, ಸಿಗಡಿ ಕೆರೆ ಇದ್ದರೆ ಕಾಡು ಎತ್ತ ಹೋಗಬೇಕು? ಜಾವಾ ದ್ವೀಪದ ಉತ್ತರ ತೀರದ ಡೆಮಾಕ್‌ನಲ್ಲಿ ಕಾಡು ಕಡಿದು ಕೆರೆ ಮಾಡಿದ ಮೇಲೆ ಕಡಲು ಹಳ್ಳಿಗಳನ್ನೇ ನುಂಗಿತು. ಅಲ್ಲಿ ಗಟ್ಟಿ ಗೋಡೆಗಳು ಕೆಲಸಕ್ಕೆ ಬರಲಿಲ್ಲ. ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಮುಂದಿನ ಕೆಸರನ್ನೇ ಕೆದಕಿ ಒಯ್ಯುತ್ತದೆ, ನೀರು ಆಳವಾಗುತ್ತದೆ, ಮುಂದಿನ ಅಲೆ ಇನ್ನೂ ದೊಡ್ಡದಾಗಿ ಬರುತ್ತದೆ. 2015ರಿಂದ ಅಲ್ಲಿ ಬಿದಿರು, ಕಂಬ, ಸೊಪ್ಪುಕಡ್ಡಿಗಳಿಂದ ನೀರು ನುಸುಳುವಂಥ ತಡೆಗಳನ್ನು ಕಟ್ಟಿದರು. ಹಿಂದೆ ಕೆಸರು ಕೂತು ಕಾಂಡ್ಲಾ ತಾನಾಗಿ ಮೊಳೆಯಲಿ ಎಂಬ ಉಪಾಯ. ಕೆಲವು ಕಡೆ ಕೆಸರು ಕೂತಿತು. ಆದರೆ ಅಂತರ್ಜಲ ಎತ್ತಿದ್ದರಿಂದ ನೆಲ ವರ್ಷಕ್ಕೆ ಹಲವು ಸೆಂಟಿಮೀಟರ್ ಕುಸಿಯುವ ಊರಿನಲ್ಲಿ ಕೆಸರು ಎಷ್ಟು ಕೂತರೂ ಸಾಲದಾಯಿತು.

ಸಸಿ ನೆಡುವ ಉತ್ಸಾಹದ ಬಗ್ಗೆಯೂ ಒಂದು ಮಾತು. ಸುನಾಮಿಯ ನಂತರ ಶ್ರೀಲಂಕಾದ 23 ಜಾಗಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ನೆಟ್ಟರು. ಉಳಿದದ್ದು ಇನ್ನೂರು ಹೆಕ್ಟೇರಿನ ಆಸುಪಾಸು. ಒಂಬತ್ತು ಜಾಗಗಳಲ್ಲಿ ಒಂದು ಗಿಡವೂ ಬದುಕಲಿಲ್ಲ. ಕಾರಣ ಬಹುಪಾಲು ಒಂದೇ: ದಿನದ ಹೆಚ್ಚು ಹೊತ್ತು ಮುಳುಗಿರುವ, ಎಂದೂ ಕಾಂಡ್ಲಾ ಬೆಳೆಯದ ಕೆಸರಿನಲ್ಲಿ ನೆಟ್ಟದ್ದು. ಬೆಳೆಯುವ ಜಾಗಕ್ಕೆ ಒಡೆಯರಿರುತ್ತಾರೆ, ಬೆಳೆಯದ ಜಾಗ ಸುಲಭವಾಗಿ ಸಿಗುತ್ತದೆ. ನಮ್ಮ ಕೇಂದ್ರ ಸರ್ಕಾರ 2023ರ ಜೂನ್ 5ರಂದು ಆರಂಭಿಸಿದ ‘ಮಿಷ್ಠಿ’ ಯೋಜನೆ ಐದು ವರ್ಷದಲ್ಲಿ 540 ಚದರ ಕಿಲೋಮೀಟರಿನಲ್ಲಿ ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿದೆ. ನೆಟ್ಟ ಸಸಿಯ ಸಂಖ್ಯೆ ಕೇಳುವ ಬದಲು ಐದು ವರ್ಷದ ನಂತರ ಅಲ್ಲಿನ ನೆಲ ಎಷ್ಟು ಎತ್ತರವಾಯಿತು ಎಂದು ಕೇಳುವ ವ್ಯವಸ್ಥೆ ಬಂದರೆ ಆ ಯೋಜನೆಗೆ ಅರ್ಥ ಬಂದೀತು.

ಕರ್ನಾಟಕದ ಪಾಲು ಬಹಳ ಸಣ್ಣದು. 2021ರ ವರದಿಯಲ್ಲಿ 13 ಚದರ ಕಿಲೋಮೀಟರ್. ಉಳ್ಳಾಲ, ಮರವಂತೆಯಂಥ ಬಯಲು ಮರಳದಂಡೆಯಲ್ಲಿ, ಮಳೆಗಾಲದ ಅಲೆ ನೇರ ಬಡಿಯುವಲ್ಲಿ ಕಾಂಡ್ಲಾ ನಿಲ್ಲುವುದಿಲ್ಲ. ಅಲ್ಲಿನ ಕಡಲ್ಕೊರೆತಕ್ಕೆ ಅದು ಮದ್ದು ಎನ್ನುವವರನ್ನು ನಂಬಬೇಡಿ. ಅದರ ಜಾಗ ಅಳಿವೆಗಳ ಒಳಗೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಹಿನ್ನೀರು, ಸೀತಾ-ಸ್ವರ್ಣಾ ಕೂಡುವ ಜಾಗ. ಇವುಗಳಲ್ಲಿ ಪಕ್ಕಪಕ್ಕದ ಅಘನಾಶಿನಿ ಮತ್ತು ಶರಾವತಿಯನ್ನು ಹೋಲಿಸಿದರೆ ಸುಂದರಬನದ ಕಥೆಯೇ ಸಣ್ಣದಾಗಿ ಕಾಣುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಹೂಳು ಜಲಾಶಯದಲ್ಲಿ ಉಳಿಯಿತು, ವಿದ್ಯುದಾಗಾರದ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಹರಿಯತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿ, ಉಪ್ಪಿನಂಶ ತಗ್ಗಿದ ಶರಾವತಿಯಲ್ಲಿ ಬಳಚಿನ (ಕಪ್ಪೆಚಿಪ್ಪಿನ) ಸಂಪತ್ತು ಕುಗ್ಗಿರುವುದನ್ನು ದಾಖಲಿಸಿದ್ದಾರೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಹೂಳು ಇನ್ನೂ ಅಳಿವೆ ತಲುಪುತ್ತಿದೆ, ಬಳಚು ತೆಗೆಯುವ ಸಾವಿರಾರು ಜನರ ಬದುಕು ಅದರ ಮೇಲಿದೆ. 2024ರ ಜನವರಿಯಲ್ಲಿ ಅಲ್ಲಿನ 4,801 ಹೆಕ್ಟೇರ್ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಆ ಅಳಿವೆಯ ಗಜನಿ ಗದ್ದೆಗಳು ಬಂಗಾಳದ ಎಂಟು ತಿಂಗಳ ಒಡ್ಡಿನ ಬುದ್ಧಿಯನ್ನೇ ನಮ್ಮಲ್ಲಿ ಬೆಳೆಸಿಕೊಂಡವು. ಮಳೆಗಾಲದಲ್ಲಿ ನದಿ ಸಿಹಿಯಾದಾಗ ಕಗ್ಗ ಭತ್ತ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು, ಮೀನು, ಸಿಗಡಿ ಒಳಗೆ. ನೀರಿನ ಜೊತೆ ಹೂಳೂ ಬರುತ್ತಿತ್ತು. ಮಣ್ಣಿನ ಒಡ್ಡಿನ ಹೊರಮೈಗೆ ಕಾಂಡ್ಲಾ ಬೆಳೆಯಲು ಬಿಟ್ಟು ಅಲೆಯ ಏಟು ತಪ್ಪಿಸುತ್ತಿದ್ದರು. 1970ರ ದಶಕದಿಂದ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಶಾಶ್ವತ ಒಡ್ಡುಗಳು ಬಂದವು, 1990ರ ದಶಕದಲ್ಲಿ ಸಿಗಡಿ ಕೃಷಿಯ ಭರಾಟೆ ಬಂತು, ಒಡ್ಡಿನ ಪಕ್ಕದ ಕಾಂಡ್ಲಾ ಬಹಳಷ್ಟು ಹೋಯಿತು. ಈಗ ಒಡ್ಡು ಒಡೆದು ಬೇಸಾಯ ನಿಂತ ಗಜನಿಗಳು ಹಲವು. ಪ್ರತಿ ಬಾರಿ ಒಡೆದಾಗಲೂ ಕಲ್ಲು ಮತ್ತು ಕಾಂಕ್ರೀಟಿನ ಬೇಡಿಕೆ ಏಳುತ್ತದೆ. ಬೆಳೆ ಕಳೆದುಕೊಂಡ ರೈತ ಇನ್ನೇನು ಕೇಳಿಯಾನು? ಕಗ್ಗ ಬೆಳೆಯುವವರು ಇನ್ನೂ ಇರುವ ಗಜನಿಗೆ ಗಟ್ಟಿ ತೂಬು, ಹೊರಗೆ ಹತ್ತಿಪ್ಪತ್ತು ಮೀಟರ್ ಕಾಂಡ್ಲಾ ಪಟ್ಟಿ, ಅದನ್ನು ನೋಡಿಕೊಳ್ಳುವ ಊರಿನ ಸಮಿತಿಗೆ ಪ್ರತಿವರ್ಷ ದುಡ್ಡು ಬೇಕು. ವರ್ಷಗಳಿಂದ ಹಾಳುಬಿದ್ದು, ಕಾಂಡ್ಲಾ ತಾನಾಗಿ ಮೊಳೆಯುತ್ತಿರುವ ಗಜನಿಯನ್ನು ಒಡೆಯರಿಗೆ ತಕ್ಕ ಪರಿಹಾರ ಕೊಟ್ಟು ತೆರೆದೇ ಬಿಡುವುದು ಮೇಲು. ಎರಡರಲ್ಲಿ ಯಾವ ಗಜನಿಗೆ ಯಾವುದು ಎಂಬುದನ್ನು ಮುಂದಿನ ಮಳೆಗಾಲದಲ್ಲಿ ಒಡ್ಡು ಒಡೆಯುವ ಮೊದಲೇ ಆಯಾ ಊರಿನವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು.